ರೌಟರಿಗೆ ದೂರದ ಫೋಲ್ಡರ್ ಜೋಡಿಸುವಾಗ ಅದರ ಕೀಲಿಗೆ ಎಷ್ಟು ಅಧಿಕಾರ ಕೊಡಬೇಕು?

ಪ್ರಶ್ನೆ: ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ ನಮ್ಮದೊಂದು ಮೆಕ್ಕೆಜೋಳದ ದಲಾಲಿ ಅಂಗಡಿ ಇದೆ. ತೂಕದ ಚೀಟಿ, ರೈತರ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಲಾರಿ ಬಾಡಿಗೆಯ ರಸೀದಿ ಇವನ್ನೆಲ್ಲ ಅಂಗಡಿಯಲ್ಲೇ ಸ್ಕ್ಯಾನ್ ಮಾಡುತ್ತೇವೆ. ಲೆಕ್ಕ ನೋಡಿಕೊಳ್ಳುವ ನನ್ನ ತಮ್ಮ ಇರುವುದು ಚಿತ್ರದುರ್ಗದ ಮನೆಯಲ್ಲಿ. ಅಲ್ಲಿ ಸದಾ ಚಾಲೂ ಇರುವ ಒಂದು ಲಿನಕ್ಸ್ ಕಂಪ್ಯೂಟರ್ ಇದೆ. ಅಂಗಡಿಯ ರೌಟರಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಲಿನಕ್ಸ್ ಆಧಾರಿತ ತಂತ್ರಾಂಶ ಹಾಕಿಸಿದ್ದೇವೆ. ಮನೆಯ ಕಂಪ್ಯೂಟರಿನ ಫೋಲ್ಡರನ್ನು ಅಂಗಡಿಯ ರೌಟರಿಗೆ ಮೌಂಟ್ ಮಾಡಿದರೆ, ಅಂದರೆ ರೌಟರಿನದೇ ಫೋಲ್ಡರಿನಂತೆ ಕಾಣುವ ಹಾಗೆ ಜೋಡಿಸಿದರೆ, ಸ್ಕ್ಯಾನರ್ ನೇರವಾಗಿ ಅಲ್ಲಿಗೇ ಬರೆಯುತ್ತದೆ ಎಂದು ಪರಿಚಯದವರೊಬ್ಬರು ಹೇಳಿ, ಅದಕ್ಕಾಗಿ ಮನೆಯ ರೌಟರಿನಲ್ಲಿ 445ನೇ ಪೋರ್ಟ್ ತೆರೆಯಬೇಕು ಎಂದಿದ್ದಾರೆ. ಇದು ಸುರಕ್ಷಿತವೇ? ಟ್ಯಾಲಿಯ ಡೇಟಾವನ್ನೂ ಅಲ್ಲೇ ಇಡಬಹುದೇ?

ಉತ್ತರ: ದೂರದ ಫೋಲ್ಡರನ್ನು ರೌಟರಿಗೆ ಮೌಂಟ್ ಮಾಡಬಹುದು, ಸುರಕ್ಷಿತವಾಗಿಯೂ ಮಾಡಬಹುದು. ಆದರೆ 445ನೇ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆಯಬೇಡಿ. ಈಗಾಗಲೇ ತೆರೆದಿದ್ದರೆ ಈ ಉತ್ತರವನ್ನು ಮುಂದೆ ಓದುವ ಮೊದಲು ತಮ್ಮನಿಗೆ ಹೇಳಿ ಮುಚ್ಚಿಸಿ. ಆ ಪೋರ್ಟಿನಲ್ಲಿ ಕೂತಿರುವುದು ಎಸ್‌ಎಂಬಿ, ಅಂದರೆ ವಿಂಡೋಸ್ ಫೋಲ್ಡರ್ ಹಂಚಿಕೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಒಳನುಗ್ಗಿದ್ದು ಇದೇ ಬಾಗಿಲಿನಿಂದ. ಅದರ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲೇ ತಿದ್ದುಪಡಿ ಕೊಟ್ಟಿದ್ದರೂ ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಎಸ್‌ಎಂಬಿ ಅಂಗಡಿಯ ನಾಲ್ಕು ಗೋಡೆಯೊಳಗೆ ಇರಬೇಕಾದದ್ದು. ಟ್ಯಾಲಿಯ ಪ್ರಶ್ನೆಗೂ ಈಗಲೇ ಉತ್ತರಿಸುತ್ತೇನೆ: ಇಡಬೇಡಿ. ಲೆಕ್ಕದ ತಂತ್ರಾಂಶ ತನ್ನ ಡೇಟಾ ಫೈಲುಗಳ ನಡುವೆ ಅಲ್ಲಲ್ಲಿ ಚೂರುಚೂರಾಗಿ ಬರೆಯುತ್ತದೆ. ಬರೆಯುತ್ತಿರುವಾಗಲೇ ಲೈನ್ ಕಡಿದರೆ ಅರ್ಧ ಹಳೆಯದು ಅರ್ಧ ಹೊಸದಾಗಿ ಉಳಿಯುತ್ತದೆ. ಮೇಲಾಗಿ, ಮುಂದೆ ಹೇಳಲಿರುವ ವಿಧಾನದಲ್ಲಿ ಒಂದು ಕಡೆ ಫೈಲಿಗೆ ಹಾಕಿದ ಬೀಗ ಇನ್ನೊಂದು ಕಡೆಗೆ ತಿಳಿಯುವುದಿಲ್ಲ. ಅಂಗಡಿಯಲ್ಲಿ ನೀವು, ಮನೆಯಲ್ಲಿ ತಮ್ಮ ಒಟ್ಟಿಗೆ ತೆರೆದರೆ ಯಾರೂ ತಡೆಯುವುದಿಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳಿಗೆ ಮಾತ್ರ ಈ ಏರ್ಪಾಡು ಹೊಂದುತ್ತದೆ.

ರೌಟರಿನಲ್ಲೇ ಏಕೆ ಮೌಂಟ್ ಮಾಡಬೇಕು ಎಂಬುದಕ್ಕೆ ನಿಮ್ಮ ಸ್ಕ್ಯಾನರ್ ಸರಿಯಾದ ಕಾರಣವೇ. ಅದಕ್ಕೆ ಎಸ್‌ಎಂಬಿ ಗೊತ್ತು, ದೂರದ ಯಂತ್ರದೊಡನೆ ಗೂಢಲಿಪಿಯಲ್ಲಿ ಮಾತಾಡುವ ಎಸ್‌ಎಸ್‌ಎಚ್ ಗೊತ್ತಿಲ್ಲ. ಮಧ್ಯದಲ್ಲಿ ಎರಡೂ ಭಾಷೆ ಬಲ್ಲ, ಹಗಲು ರಾತ್ರಿ ಚಾಲೂ ಇರುವ ಒಂದು ಪೆಟ್ಟಿಗೆ ಬೇಕು, ರೌಟರ್ ಅಂಥದ್ದು. ಆದರೆ ಇಡೀ ಅಂಗಡಿಯಲ್ಲಿ ಇಂಟರ್ನೆಟ್ಟಿಗೆ ಎದೆಯೊಡ್ಡಿ ನಿಂತಿರುವುದೂ, ಯಾರೂ ತಿರುಗಿ ನೋಡದೆ ವರ್ಷಗಟ್ಟಲೆ ಬಿಡುವುದೂ ಅದೇ ಪೆಟ್ಟಿಗೆಯನ್ನು. 2018ರಲ್ಲಿ ಬೆಳಕಿಗೆ ಬಂದ ವಿಪಿಎನ್‌ಫಿಲ್ಟರ್ ಎಂಬ ದುಷ್ಟ ತಂತ್ರಾಂಶ 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ರೌಟರುಗಳನ್ನೂ ಸಂಗ್ರಹ ಪೆಟ್ಟಿಗೆಗಳನ್ನೂ ಸೇರಿಕೊಂಡಿತ್ತು. ಆದ್ದರಿಂದ ನನ್ನ ಸಲಹೆಯೆಲ್ಲವೂ ಒಂದೇ ಊಹೆಯ ಮೇಲೆ ನಿಂತಿದೆ: ನಿಮ್ಮ ರೌಟರ್ ಒಂದು ದಿನ ಪರರ ಕೈಗೆ ಹೋಗಬಹುದು, ಅಥವಾ ಕಳ್ಳನ ಚೀಲಕ್ಕೆ ಸೇರಬಹುದು. ಆ ದಿನ ಅದರೊಳಗಿನ ಕೀಲಿಯಿಂದ, ಅಂದರೆ ಮನೆಯ ಕಂಪ್ಯೂಟರಿಗೆ ಪ್ರವೇಶ ಕೊಡುವ ಗುಪ್ತ ಫೈಲಿನಿಂದ, ಎಷ್ಟು ಹಾನಿಯಾದೀತು ಎಂಬುದನ್ನು ಈಗಲೇ ಚಿತ್ರದುರ್ಗದ ಕಂಪ್ಯೂಟರಿನಲ್ಲಿ ಕೂತು ತೀರ್ಮಾನಿಸಬೇಕು. ದಾರಿಯಲ್ಲಿ ಯಾರೂ ಓದದಂತೆ ಗೂಢಲಿಪಿಯಲ್ಲಿ ಕಳಿಸುವುದು ಇವತ್ತು ಸುಲಭದ ಕೆಲಸ. ರೌಟರಿಗೆ ಎಷ್ಟು ಕಡಿಮೆ ಅಧಿಕಾರ ಕೊಡುತ್ತೀರಿ ಎಂಬುದರಲ್ಲೇ ಸುರಕ್ಷತೆ ಇದೆ.

ವಿಧಾನದ ಆಯ್ಕೆಯನ್ನು ಬೇಗ ಮುಗಿಸೋಣ. ಲಿನಕ್ಸ್ ಯಂತ್ರಗಳ ನಡುವಿನ ಫೋಲ್ಡರ್ ಹಂಚಿಕೆಯಾದ ಎನ್‌ಎಫ್‌ಎಸ್ ವೇಗವಾದದ್ದು, ಆದರೆ ಅದರ ಸಾಮಾನ್ಯ ರೂಪದಲ್ಲಿ ಗೂಢಲಿಪಿಯೇ ಇಲ್ಲ, ಮತ್ತು ಎದುರಿನ ಯಂತ್ರ ‘ನಾನು ಇಂಥ ಬಳಕೆದಾರ’ ಎಂದು ಹೇಳಿದ ಸಂಖ್ಯೆಯನ್ನು ಅದು ಹಾಗೆಯೇ ನಂಬುತ್ತದೆ. ರೌಟರನ್ನೇ ನಂಬಬಾರದು ಎಂದು ಹೊರಟಿರುವ ನಮಗೆ ಅದು ಒಗ್ಗದು. ನಿಮಗೆ ಸರಿಹೊಂದುವುದು ಎಸ್‌ಎಸ್‌ಎಚ್‌ಎಫ್‌ಎಸ್. ಇದು ಎಸ್‌ಎಸ್‌ಎಚ್ ಸಂಪರ್ಕದೊಳಗೆ ಎಸ್‌ಎಫ್‌ಟಿಪಿ ಎಂಬ ಫೈಲ್ ವ್ಯವಹಾರವನ್ನು ನಡೆಸಿ, ಲಿನಕ್ಸಿನ ತಿರುಳಾದ ಕರ್ನಲಿನ ಫ್ಯೂಸ್ ಎಂಬ ಸೌಲಭ್ಯದ ಮೂಲಕ ಅದನ್ನು ಸಾಧಾರಣ ಫೋಲ್ಡರಿನಂತೆ ತೋರಿಸುತ್ತದೆ. ಫ್ಯೂಸ್ 2005ರಿಂದಲೇ ಕರ್ನಲಿನ ಭಾಗವಾಗಿದೆ. ಎದುರು ಕಡೆಯಲ್ಲಿ ಎಸ್‌ಎಸ್‌ಎಚ್ ಸರ್ವರ್ ಇದ್ದರೆ ಸಾಕು, ಬೇರೇನೂ ಹಾಕಬೇಕಿಲ್ಲ.

ರೌಟರಿನ ತಾಕತ್ತನ್ನು ಮೊದಲು ನೋಡಿಕೊಳ್ಳಿ. 8 ಎಂಬಿ ಫ್ಲ್ಯಾಶ್, 64 ಎಂಬಿ ರ‍್ಯಾಮ್ ಇರುವ ಹಳೆಯ ಪೆಟ್ಟಿಗೆಗಳಲ್ಲಿ ಓಪನ್‌ಡಬ್ಲ್ಯುಆರ್‌ಟಿ ಕೂರುವುದೇ ಕಷ್ಟ; ಅದರ ಮೇಲೆ ಎಸ್‌ಎಸ್‌ಎಚ್‌ಎಫ್‌ಎಸ್ ಮತ್ತು ಸ್ಕ್ಯಾನರಿಗಾಗಿ ಎಸ್‌ಎಂಬಿ ಹಂಚಿಕೆ ಮಾಡುವ ಸಾಂಬಾ ಎಂಬ ತಂತ್ರಾಂಶ ಎರಡನ್ನೂ ತುಂಬಲಾಗದು. 128 ಎಂಬಿ ಫ್ಲ್ಯಾಶ್, 256 ಎಂಬಿ ರ‍್ಯಾಮ್ ಇರುವ ರೌಟರ್ ಆದರೆ ನೆಮ್ಮದಿ. ವೇಗದ ಬಗ್ಗೆ ಚಿಂತೆ ಬೇಡ, ಚೀಟಿಯ ಸ್ಕ್ಯಾನ್ ಸಣ್ಣ ಫೈಲು. ರೌಟರಿನ ಚಿಪ್‌ಗೆ ಎಇಎಸ್ ಎಂಬ ಗೂಢಲಿಪಿಯ ಲೆಕ್ಕಕ್ಕೆ ಪ್ರತ್ಯೇಕ ಸೌಲಭ್ಯ ಇಲ್ಲದಿದ್ದರೆ ಚಾಚಾ20 ಎಂಬ ಗೂಢಲಿಪಿ ಸಾಮಾನ್ಯವಾಗಿ ಅದಕ್ಕಿಂತ ಚುರುಕಾಗಿ ಓಡುತ್ತದೆ. 2023ರ ಡಿಸೆಂಬರಿನಲ್ಲಿ ಪ್ರಕಟವಾದ ಟೆರಾಪಿನ್ ಎಂಬ ದೋಷ ಇದೇ ಗೂಢಲಿಪಿಯನ್ನೂ ತಟ್ಟಿದ್ದರಿಂದ, ಎರಡೂ ಕಡೆಯ ಎಸ್‌ಎಸ್‌ಎಚ್ ಅದಕ್ಕೆ ಪರಿಹಾರ ಸೇರಿಸಿದ ಆವೃತ್ತಿಯಾಗಿರಬೇಕು. ಓಪನ್‌ಎಸ್‌ಎಸ್‌ಎಚ್‌ನಲ್ಲಿ ಪರಿಹಾರ ಬಂದದ್ದು 9.6ನೇ ಆವೃತ್ತಿಯಲ್ಲಿ.

ಇನ್ನು ದಾವಣಗೆರೆಯ ರೌಟರ್ ಚಿತ್ರದುರ್ಗದ ಕಂಪ್ಯೂಟರನ್ನು ಮುಟ್ಟುವ ದಾರಿ. ಮನೆಯ ರೌಟರಿನ ಪುಟದಲ್ಲಿ ಹೊರಗಿನ ಸಂಪರ್ಕದ ವಿಳಾಸ ನೋಡಲು ತಮ್ಮನಿಗೆ ಹೇಳಿ. ಅದು 100.64ರಿಂದ 100.127ರ ಒಳಗಿನ ಸಂಖ್ಯೆಯಿಂದ ಶುರುವಾಗಿದ್ದರೆ, ಸೇವಾದಾರರು ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಮನೆಗಳಿಗೆ ಹಂಚಿದ್ದಾರೆ ಎಂದರ್ಥ. ಆಗ ನೀವು ಎಷ್ಟು ಪೋರ್ಟ್ ತೆರೆದರೂ ಹೊರಗಿನಿಂದ ಕರೆ ಒಳಗೆ ಬರುವುದಿಲ್ಲ. ಹಣ ಕೊಟ್ಟು ಸ್ಥಿರ ವಿಳಾಸ ಪಡೆಯುವುದು ಒಂದು ದಾರಿ. ನಾನು ಹೆಚ್ಚು ಒಪ್ಪುವ ದಾರಿ, ತಿಂಗಳ ಬಾಡಿಗೆಗೆ ಸಿಗುವ ಒಂದು ಸಣ್ಣ ವರ್ಚುವಲ್ ಸರ್ವರ್ ತೆಗೆದುಕೊಂಡು, ಅಂಗಡಿಯ ರೌಟರೂ ಮನೆಯ ಕಂಪ್ಯೂಟರೂ ತಾವಾಗಿಯೇ ಅಲ್ಲಿಗೆ ವೈರ್‌ಗಾರ್ಡ್ ಎಂಬ ತಂತ್ರಾಂಶದಿಂದ ಗೂಢಲಿಪಿಯ ಸುರಂಗ ತೋಡಿಕೊಳ್ಳುವಂತೆ ಮಾಡುವುದು. ವೈರ್‌ಗಾರ್ಡ್ 2020ರಲ್ಲಿ ಲಿನಕ್ಸ್ ಕರ್ನಲಿನ 5.6ನೇ ಆವೃತ್ತಿಯ ಜೊತೆ ಸೇರಿತು, ಓಪನ್‌ಡಬ್ಲ್ಯುಆರ್‌ಟಿಯಲ್ಲೂ ಸಿಗುತ್ತದೆ. ಎರಡೂ ಕಡೆ 25 ಸೆಕೆಂಡಿಗೊಮ್ಮೆ ಸಣ್ಣ ಸಂದೇಶ ಕಳಿಸುವ ಆಯ್ಕೆಯನ್ನು ಹಾಕಿದರೆ ನಡುವಿನ ಪೆಟ್ಟಿಗೆಗಳು ಸಂಪರ್ಕವನ್ನು ಮರೆಯುವುದಿಲ್ಲ. ಹೀಗೆ ಮಾಡಿದರೆ ಎರಡೂ ಊರಿನಲ್ಲಿ ಒಂದು ಪೋರ್ಟೂ ತೆರೆದಿರುವುದಿಲ್ಲ. ಬಾಡಿಗೆ ಸರ್ವರಿನವರು ರೈತರ ಪಾಸ್‌ಬುಕ್ ಓದಬಹುದೇ ಎಂಬ ಅನುಮಾನ ಸಹಜ. ಸುರಂಗ ಅಲ್ಲಿ ಬಿಚ್ಚಿಕೊಂಡರೂ ಅದರೊಳಗಿನ ಎಸ್‌ಎಸ್‌ಎಚ್ ಬಿಚ್ಚುವುದು ಚಿತ್ರದುರ್ಗದಲ್ಲೇ, ಹಾಗಾಗಿ ಅವರಿಗೆ ಕಾಣುವುದು ಅರ್ಥವಾಗದ ಅಕ್ಷರರಾಶಿ ಮಾತ್ರ.

ಇಲ್ಲಿ ನಮ್ಮ ಭಾಗದ ಕರೆಂಟಿಗೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಹೆಚ್ಚಿನ ರೌಟರುಗಳಲ್ಲಿ ಗಡಿಯಾರಕ್ಕೆ ಪ್ರತ್ಯೇಕ ಬ್ಯಾಟರಿ ಇರುವುದಿಲ್ಲ. ಕರೆಂಟ್ ಹೋಗಿ ಬಂದಾಗ ಓಪನ್‌ಡಬ್ಲ್ಯುಆರ್‌ಟಿ ತನ್ನ ಫೈಲುಗಳಲ್ಲಿ ತೀರಾ ಈಚೆಗೆ ಬದಲಾದದ್ದರ ದಿನಾಂಕವನ್ನೇ ಇಂದಿನ ದಿನಾಂಕವೆಂದು ಹಿಡಿದು ಶುರುಮಾಡುತ್ತದೆ. ಅದು ವಾರಗಳಷ್ಟು ಹಿಂದಿನದಾಗಿರಬಹುದು. ವೈರ್‌ಗಾರ್ಡ್ ಪ್ರತಿ ಹೊಸ ಪರಿಚಯ ಸಂದೇಶದಲ್ಲೂ ಸಮಯ ನಮೂದಿಸುತ್ತದೆ, ಮತ್ತು ಎದುರಿನ ಯಂತ್ರ ಈ ಹಿಂದೆ ನೋಡಿದ ಸಮಯಕ್ಕಿಂತ ಹಳೆಯದು ಬಂದರೆ ಅದನ್ನು ಯಾರೋ ಕದ್ದು ಮರುಕಳಿಸಿದ ಸಂದೇಶವೆಂದು ಭಾವಿಸಿ ಮೌನವಾಗಿ ಬಿಸಾಡುತ್ತದೆ. ಎಲ್ಲ ಸರಿಯಿದ್ದೂ ಸುರಂಗ ಏಳದಿರುವ ಒಗಟಿಗೆ ಅನೇಕ ಸಲ ಇದೇ ಉತ್ತರ. ಪರಿಹಾರ ಕಷ್ಟವಲ್ಲ: ಸಮಯ ಕೇಳುವ ಎನ್‌ಟಿಪಿ ಸಂದೇಶಗಳು ಸುರಂಗದೊಳಗೆ ಹೋಗದೆ ನೇರವಾಗಿ ಅಂಗಡಿಯ ಇಂಟರ್ನೆಟ್ ಮೂಲಕ ಹೋಗುವಂತೆ ನೋಡಿಕೊಳ್ಳಿ. ಗಡಿಯಾರ ಸರಿಹೋದ ಕೂಡಲೇ ಸುರಂಗವೂ ಏಳುತ್ತದೆ.

ಈಗ ಮುಖ್ಯವಾದ ಕೆಲಸಕ್ಕೆ ಬರೋಣ. ಇದು ತಮ್ಮನ ಕಂಪ್ಯೂಟರಿನಲ್ಲಿ ಆಗಬೇಕಾದದ್ದು. ರೌಟರಿಗಾಗಿ ಒಂದು ಹೊಸ ಬಳಕೆದಾರ ಖಾತೆ ತೆರೆಯಿರಿ. ತಮ್ಮನ ಸ್ವಂತ ಖಾತೆಯ ಕೀಲಿಯನ್ನು ರೌಟರಿನಲ್ಲಿ ಇಡಲೇಬೇಡಿ. ಎಸ್‌ಎಸ್‌ಎಚ್ ಸರ್ವರಿನ ಸಂರಚನೆಯಲ್ಲಿ ಈ ಖಾತೆಗೆ ಮಾತ್ರ ಅನ್ವಯಿಸುವ ಒಂದು ವಿಭಾಗ ಬರೆದು, ಒತ್ತಾಯದ ಆದೇಶವಾಗಿ ‘ಇಂಟರ್ನಲ್-ಎಸ್‌ಎಫ್‌ಟಿಪಿ’ಯನ್ನು ನಮೂದಿಸಿ. ಆಗ ಆ ಕೀಲಿ ಹಿಡಿದು ಬಂದವರಿಗೆ ಫೈಲ್ ವ್ಯವಹಾರ ಬಿಟ್ಟು ಬೇರೆ ಯಾವ ಆದೇಶವೂ ಸಿಗುವುದಿಲ್ಲ. ಜೊತೆಗೆ ಪೋರ್ಟ್ ದಾಟಿಸುವ ಸೌಲಭ್ಯವನ್ನು ಮುಚ್ಚಿ. ಇದನ್ನು ಮರೆತರೆ ಆದೇಶ ಕೊಡಲಾಗದ ಖಾತೆಯ ಮೂಲಕವೂ ನಿಮ್ಮ ಮನೆಯ ಜಾಲದ ಇತರ ಯಂತ್ರಗಳಿಗೆ ದಾರಿ ಮಾಡಿಕೊಳ್ಳಬಹುದು. ಪಾಸ್‌ವರ್ಡ್ ಮೂಲಕ ಪ್ರವೇಶವನ್ನು ಇಡೀ ಸರ್ವರಿಗೇ ನಿಲ್ಲಿಸಿ.

ಮುಂದಿನದು ಕ್ರೂಟ್, ಅಂದರೆ ಆ ಖಾತೆಗೆ ಒಂದು ಫೋಲ್ಡರೇ ಇಡೀ ಜಗತ್ತು ಎಂದು ಕಾಣುವಂತೆ ಮಾಡುವುದು. ಇದನ್ನು ಮೊದಲ ಸಲ ಮಾಡುವವರು ಎಡವುವ ಜಾಗ ಒಂದಿದೆ: ಕ್ರೂಟ್ ಫೋಲ್ಡರ್, ಮತ್ತು ಅದರ ಮೇಲಿನ ಪ್ರತಿ ಫೋಲ್ಡರ್, ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನ ಒಡೆತನದಲ್ಲಿರಬೇಕು ಮತ್ತು ಬೇರೆ ಯಾರಿಗೂ ಅಲ್ಲಿ ಬರೆಯುವ ಅನುಮತಿ ಇರಬಾರದು, ಇಲ್ಲವಾದರೆ ಎಸ್‌ಎಸ್‌ಎಚ್ ಸಂಪರ್ಕವನ್ನೇ ನಿರಾಕರಿಸುತ್ತದೆ. ಹಾಗಾಗಿ ರೌಟರಿನ ಖಾತೆ ಬರೆಯಬೇಕಾದ ಫೋಲ್ಡರನ್ನು ಅದರೊಳಗೆ ಒಂದು ಹಂತ ಕೆಳಗೆ ಮಾಡಿ, ‘ಆವಕ’ ಎಂದು ಹೆಸರಿಡಿ. ರೌಟರಿನ ಕೀಲಿಜೋಡಿಯಲ್ಲಿ ಹೊರಗೆ ಕೊಡಬಹುದಾದ ಅರ್ಧವಾದ ಸಾರ್ವಜನಿಕ ಕೀಲಿಯನ್ನು ಆ ಖಾತೆಯ ಮನೆ ಫೋಲ್ಡರಿನಲ್ಲಿ ಇಡುವ ಬದಲು, ರೂಟ್ ಒಡೆತನದ ಬೇರೆ ಜಾಗದಲ್ಲಿಟ್ಟು ಸಂರಚನೆಯಲ್ಲಿ ಆ ದಾರಿಯನ್ನು ತೋರಿಸಿ. ತನ್ನ ಮೇಲಿನ ನಿರ್ಬಂಧಗಳನ್ನು ಖಾತೆ ತಾನೇ ತಿದ್ದಿಕೊಳ್ಳುವ ಅವಕಾಶ ಆಗ ಇರುವುದಿಲ್ಲ. ಕೀಲಿಯ ಸಾಲಿನ ಮೊದಲಿಗೆ ‘ರಿಸ್ಟ್ರಿಕ್ಟ್’ ಎಂಬ ಪದ ಸೇರಿಸಿ, ಅದರ ಜೊತೆ ಈ ಕೀಲಿ ವೈರ್‌ಗಾರ್ಡ್ ಸುರಂಗದ ಯಾವ ವಿಳಾಸದಿಂದ ಮಾತ್ರ ಬರಬಹುದು ಎಂಬುದನ್ನೂ ಬರೆಯಿರಿ. ‘ರಿಸ್ಟ್ರಿಕ್ಟ್’ 2016ರಿಂದ ಓಪನ್‌ಎಸ್‌ಎಸ್‌ಎಚ್‌ನಲ್ಲಿದೆ, ಇಂದಿನ ಯಾವ ಲಿನಕ್ಸಿನಲ್ಲೂ ಸಿಗುತ್ತದೆ.

ಇಷ್ಟಾದ ಮೇಲೂ ಆ ಕೀಲಿ ಸಿಕ್ಕವರು ‘ಆವಕ’ದಲ್ಲಿ ಇರುವುದನ್ನೆಲ್ಲ ಓದಬಹುದು, ಅಳಿಸಬಹುದು. ಅಂಗಡಿಗೆ ಬಂದ ಮಾಲನ್ನು ಸಂಜೆ ಗೋದಾಮಿಗೆ ಸಾಗಿಸಿ ಬೀಗ ಹಾಕುವಂತೆ, ಪ್ರತಿ ರಾತ್ರಿ ಚಿತ್ರದುರ್ಗದ ಕಂಪ್ಯೂಟರ್ ತಾನೇ ‘ಆವಕ’ದ ಫೈಲುಗಳನ್ನು ರೌಟರಿನ ಖಾತೆಗೆ ಕಾಣದ ಇನ್ನೊಂದು ಜಾಗಕ್ಕೆ ಸರಿಸಲಿ. ಆಗ ರೌಟರ್ ಕೆಟ್ಟವರ ಕೈಗೆ ಸಿಕ್ಕರೂ ಹೋಗುವುದು ಒಂದು ದಿನದ ಚೀಟಿಗಳು. ವರ್ಷಗಳ ಪಾಸ್‌ಬುಕ್ ಪ್ರತಿಗಳು ಹೋಗುವುದಿಲ್ಲ. ಈ ಒಂದು ಏರ್ಪಾಡು ಉಳಿದ ಎಲ್ಲ ಗೂಢಲಿಪಿಗಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂಗಡಿಯಲ್ಲಿ ಹಳೆಯ ಚೀಟಿ ನೋಡಲೇಬೇಕಾದ ಅಗತ್ಯವಿದ್ದರೆ ಇನ್ನೊಂದು ಖಾತೆ, ಇನ್ನೊಂದು ಕೀಲಿ ಮಾಡಿ ಅದಕ್ಕೆ ಓದುವ ಅನುಮತಿ ಮಾತ್ರ ಕೊಡಿ. ಇಂಟರ್ನಲ್-ಎಸ್‌ಎಫ್‌ಟಿಪಿಗೆ ಅಂಥ ಓದು-ಮಾತ್ರ ಆಯ್ಕೆ ಇದೆ. ಆದರೆ ಆ ಕೀಲಿಯನ್ನು ರೌಟರಿನಲ್ಲಿ ಇಡದೆ, ಪಾಸ್‌ವರ್ಡಿನಿಂದ ಮುಚ್ಚಿ ನಿಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಿ. ಅಂಗಡಿ ನಡೆಸುವ ನಿಮ್ಮನ್ನು ನಂಬಿ ರೈತರು ಖಾತೆ ಸಂಖ್ಯೆ ಕೊಟ್ಟಿದ್ದಾರೆ. ಇಷ್ಟು ಎಚ್ಚರಿಕೆ ಅವರಿಗೆ ಸಲ್ಲಬೇಕಾದದ್ದು.

ರೌಟರಿನ ಕಡೆಗೆ ಬಂದರೆ, ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಮೊದಲೇ ಇರುವ ಎಸ್‌ಎಸ್‌ಎಚ್ ಡ್ರಾಪ್‌ಬೇರ್ ಎಂಬ ಚಿಕ್ಕ ತಂತ್ರಾಂಶ. ಎಸ್‌ಎಸ್‌ಎಚ್‌ಎಫ್‌ಎಸ್ ಬಳಸುವ ಆಯ್ಕೆಗಳು ಓಪನ್‌ಎಸ್‌ಎಸ್‌ಎಚ್‌ನವು, ಅವುಗಳಲ್ಲಿ ಹಲವು ಡ್ರಾಪ್‌ಬೇರಿಗೆ ಅರ್ಥವಾಗುವುದಿಲ್ಲ. ಆದ್ದರಿಂದ ಎಸ್‌ಎಸ್‌ಎಚ್‌ಎಫ್‌ಎಸ್ ಪ್ಯಾಕೇಜಿನ ಜೊತೆ ಓಪನ್‌ಎಸ್‌ಎಸ್‌ಎಚ್‌ನ ಕ್ಲೈಂಟ್ ಮತ್ತು ಕೀಲಿ ತಯಾರಿಸುವ ಪ್ಯಾಕೇಜುಗಳನ್ನೂ ಹಾಕಿ, ರೌಟರಿನಲ್ಲೇ ಇಡಿ25519 ಬಗೆಯ ಕೀಲಿಜೋಡಿ ತಯಾರಿಸಿ. ರೌಟರ್ ತಾನಾಗಿ ಏಳಬೇಕಾದ್ದರಿಂದ ಈ ಕೀಲಿಗೆ ಪಾಸ್‌ವರ್ಡ್ ಹಾಕಲಾಗುವುದಿಲ್ಲ. ಸರ್ವರ್ ಕಡೆ ಅಷ್ಟೆಲ್ಲ ಬಿಗಿ ಮಾಡಿದ್ದು ಇದಕ್ಕಾಗಿಯೇ.

ಮೊದಲ ಸಂಪರ್ಕದಲ್ಲಿ ಸರ್ವರಿನ ಬೆರಳಚ್ಚು, ಅಂದರೆ ಅದರ ಗುರುತಿನ ಅಕ್ಷರಸಾಲು, ತೋರಿಸಿ ‘ನಂಬಬಹುದೇ’ ಎಂದು ಎಸ್‌ಎಸ್‌ಎಚ್ ಕೇಳುತ್ತದೆ. ಕಣ್ಣುಮುಚ್ಚಿ ಹೌದು ಎನ್ನುವುದು ಎಲ್ಲರ ಅಭ್ಯಾಸ, ಆದರೆ ನಡುವೆ ಯಾರಾದರೂ ಕೂತು ಸರ್ವರಿನಂತೆ ನಟಿಸುತ್ತಿದ್ದರೆ ಅದನ್ನು ಹಿಡಿಯುವ ಅವಕಾಶ ಇಲ್ಲಿಯೇ ಇರುವುದು. ತಮ್ಮನಿಗೆ ಫೋನ್ ಮಾಡಿ; ಅವರು ಸರ್ವರಿನ ಮುಂದೆಯೇ ಕೂತು ಅದರ ಬೆರಳಚ್ಚನ್ನು ತೆರೆದು ಓದಲಿ, ನೀವು ಅಕ್ಷರ ಅಕ್ಷರ ತಾಳೆ ನೋಡಿ. ಆಮೇಲೆ ಕಟ್ಟುನಿಟ್ಟಿನ ಪರಿಶೀಲನೆಯ ಆಯ್ಕೆಯನ್ನು ಹಾಕಿ, ಬೆರಳಚ್ಚು ಬದಲಾದರೆ ಮೌಂಟ್ ಆಗದೆ ನಿಲ್ಲುವಂತೆ ಮಾಡಿ. ಈ ಪರಿಶೀಲನೆಯನ್ನು ಸುಮ್ಮನಾಗಿಸುವ ಆಯ್ಕೆಯನ್ನು ಸಲಹೆಯಾಗಿ ಕೊಡುವ ಬರಹಗಳು ಅಂತರ್ಜಾಲದಲ್ಲಿ ಬಹಳ ಇವೆ. ಅವನ್ನು ನಕಲು ಮಾಡಬೇಡಿ.

ಸ್ಕ್ಯಾನರಿಗಾಗಿ ಸಾಂಬಾದಲ್ಲಿ ಒಂದು ಹಂಚಿಕೆ ಮಾಡಿ, ಅದು ಅಂಗಡಿಯ ಒಳಜಾಲಕ್ಕೆ ಮಾತ್ರ ಕಿವಿಗೊಡಲಿ, ಅತಿಥಿಗಳ ವೈಫೈಗೆ ಕಾಣದಿರಲಿ. ಸ್ಕ್ಯಾನರಿನ ಹೆಸರಿನಲ್ಲಿ ರೌಟರಿನಲ್ಲೊಂದು ಸಾಧಾರಣ ಬಳಕೆದಾರನನ್ನು ಮಾಡಿ, ಮೌಂಟ್ ಮಾಡುವಾಗ ಫೈಲುಗಳ ಒಡೆಯ ಆ ಬಳಕೆದಾರನೆಂದು ಕಾಣುವಂತೆಯೂ, ಮೌಂಟ್ ಮಾಡಿದವರಲ್ಲದೆ ಇತರರಿಗೂ ಅದು ತೆರೆಯುವಂತೆಯೂ ಆಯ್ಕೆ ಕೊಡಬೇಕು. ಇಲ್ಲದಿದ್ದರೆ ರೂಟ್‌ಗೆ ಕಾಣುವ ಫೋಲ್ಡರ್ ಸ್ಕ್ಯಾನರಿಗೆ ತೆರೆಯುವುದಿಲ್ಲ. ಹಳೆಯ ಸ್ಕ್ಯಾನರುಗಳಿಗೆ ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ ಗೊತ್ತಿರಬಹುದು, 2019ರ 4.11ರಿಂದ ಸಾಂಬಾ ಅದನ್ನು ತಾನಾಗಿಯೇ ನಿರಾಕರಿಸುತ್ತದೆ. ಸ್ಕ್ಯಾನರಿನ ಫರ್ಮ್‌ವೇರ್ ನವೀಕರಿಸಿ ನೋಡಿ. ಸಾಂಬಾದಲ್ಲಿ ಆ ಹಳೆಯ ಬಾಗಿಲನ್ನು ಮತ್ತೆ ತೆರೆಯುವುದಕ್ಕಿಂತ ಬೇರೆ ಸ್ಕ್ಯಾನರ್ ಕೊಳ್ಳುವುದು ಲೇಸು.

ಇಷ್ಟರ ಮೇಲೆ ಒಂದು ದಿನ ಲೈನ್ ಹೋಗುತ್ತದೆ. ಆಗ ರೌಟರ್ ಏನು ಮಾಡುತ್ತದೆ ಎಂಬುದನ್ನು ಯೋಚಿಸದೆ ಬಿಟ್ಟ ಏರ್ಪಾಡುಗಳು ಎಷ್ಟೇ ಸುರಕ್ಷಿತವಾಗಿದ್ದರೂ ಉಪಯೋಗಕ್ಕೆ ಬರುವುದಿಲ್ಲ. ಏನೂ ಹೇಳದೆ ಬಿಟ್ಟರೆ ಎಸ್‌ಎಸ್‌ಎಚ್ ಸತ್ತ ಸಂಪರ್ಕವನ್ನು ಬಹಳ ಹೊತ್ತು ಜೀವಂತವೆಂದೇ ನಂಬಿರುತ್ತದೆ, ಆ ಫೋಲ್ಡರನ್ನು ಮುಟ್ಟಿದ ಪ್ರತಿಯೊಂದು ಪ್ರಕ್ರಿಯೆಯೂ ಅಲ್ಲೇ ಹೆಪ್ಪುಗಟ್ಟುತ್ತದೆ. 15 ಸೆಕೆಂಡಿಗೊಮ್ಮೆ ಸರ್ವರನ್ನು ಮಾತಾಡಿಸಿ, ಮೂರು ಸಲ ಉತ್ತರ ಬಾರದಿದ್ದರೆ ಕೈಬಿಡುವಂತೆ ಹೇಳಿದರೆ ಸುಮಾರು 45 ಸೆಕೆಂಡಿನಲ್ಲಿ ವಿಷಯ ಇತ್ಯರ್ಥವಾಗುತ್ತದೆ. ಮರುಸಂಪರ್ಕದ ಆಯ್ಕೆಯನ್ನೂ ಸೇರಿಸಿ. ಎಸ್‌ಎಸ್‌ಎಚ್‌ಎಫ್‌ಎಸ್ ಅನ್ನು ಹಿನ್ನೆಲೆಗೆ ಕಳಿಸದೆ ಮುನ್ನೆಲೆಯಲ್ಲೇ ಓಡುವಂತೆ ಮಾಡಿ, ಓಪನ್‌ಡಬ್ಲ್ಯುಆರ್‌ಟಿಯ ಪ್ರಾಕ್‌ಡಿ ಎಂಬ ಮೇಲ್ವಿಚಾರಕನ ಕೈಗೆ ಒಂದು ಸೇವೆಯಾಗಿ ಒಪ್ಪಿಸಿದರೆ, ಪ್ರಕ್ರಿಯೆ ಸತ್ತಾಗ ಅದು ಮತ್ತೆ ಎಬ್ಬಿಸುತ್ತದೆ. ಆದರೆ ಪ್ರಕ್ರಿಯೆ ಸತ್ತ ಮೇಲೂ ಹಳೆಯ ಮೌಂಟಿನ ಹೆಣ ಅಲ್ಲೇ ಉಳಿದು, ಹೊಸದು ಅದರ ಮೇಲೆ ಕೂರಲು ನಿರಾಕರಿಸಬಹುದು. ಹಾಗಾಗಿ ಸೇವೆ ಶುರುವಾಗುವ ಮೊದಲು ಹಳೆಯದನ್ನು ಬಿಡಿಸುವ ಆದೇಶ ಇರಬೇಕು.

ಇನ್ನೂ ಮೋಸದ ಪರಿಸ್ಥಿತಿ, ಮೌಂಟ್ ಆಗದೇ ಇರುವಾಗ ಸ್ಕ್ಯಾನರ್ ಬರೆಯುವುದು. ಮೌಂಟ್ ಇಲ್ಲದಿದ್ದರೂ ಅದರ ಜಾಗದ ಖಾಲಿ ಫೋಲ್ಡರ್ ರೌಟರಿನಲ್ಲಿ ಇದ್ದೇ ಇರುತ್ತದೆ. ಸ್ಕ್ಯಾನರ್ ಅಲ್ಲಿಗೆ ಬರೆದು ‘ಆಯಿತು’ ಎನ್ನುತ್ತದೆ, ಫೈಲು ರೌಟರಿನ ಪುಟ್ಟ ಫ್ಲ್ಯಾಶಿಗೆ ಹೋಗುತ್ತದೆ, ತಮ್ಮನಿಗೆ ಏನೂ ತಲುಪುವುದಿಲ್ಲ, ಕೊನೆಗೆ ಫ್ಲ್ಯಾಶ್ ತುಂಬಿ ರೌಟರಿನ ಸೆಟ್ಟಿಂಗ್ ಕೂಡ ಉಳಿಸಲಾಗದ ಸ್ಥಿತಿ ಬರುತ್ತದೆ. ಮೌಂಟ್ ಇಲ್ಲದ ಹೊತ್ತಿನಲ್ಲಿ ಆ ಖಾಲಿ ಫೋಲ್ಡರಿನ ಒಡೆತನವನ್ನು ರೂಟ್‌ಗೆ ಕೊಟ್ಟು, ಸ್ಕ್ಯಾನರಿನ ಬಳಕೆದಾರನಿಗೆ ಯಾವ ಅನುಮತಿಯೂ ಇಲ್ಲದಂತೆ ಮಾಡಿ. ಮೌಂಟ್ ಆದಾಗ ಅದರ ಅನುಮತಿಗಳು ಮೇಲೆ ಬರುತ್ತವೆ, ಬರೆಯಲು ಸಾಧ್ಯವಾಗುತ್ತದೆ. ಮೌಂಟ್ ಬಿದ್ದಾಗ ಸ್ಕ್ಯಾನರ್ ತಪ್ಪಾಯಿತೆಂದು ಕೂಗುತ್ತದೆ. ಆ ಕೂಗು ನಿಮಗೆ ಬೇಕು.

ಸುಗ್ಗಿಯ ದಿನಗಳಲ್ಲಿ ಅಂಗಡಿಯ ಮುಂದೆ ರೈತರು ನಿಂತಿರುವಾಗ ಸ್ಕ್ಯಾನರ್ ಕೂಗಿ ನಿಂತರೆ ಕೆಲಸ ಕೆಡುತ್ತದೆ ಎಂದು ನೀವು ಹೇಳಬಹುದು, ಅದು ನಿಜ. ಆದ್ದರಿಂದ ಅಂಗಡಿಯವರು ಹಳೆಯ ಫೈಲುಗಳನ್ನು ರೌಟರಿನ ಮೂಲಕ ನೋಡುವ ಅಗತ್ಯ ಇಲ್ಲದಿದ್ದರೆ, ಮೌಂಟ್ ಮಾಡುವುದನ್ನೇ ಬಿಟ್ಟು, ರೌಟರಿನ ಯುಎಸ್‌ಬಿ ಪೋರ್ಟಿಗೆ ಒಂದು ಪೆನ್‌ಡ್ರೈವ್ ಹಾಕಿ ಸ್ಕ್ಯಾನರ್ ಅದಕ್ಕೆ ಬರೆಯುವಂತೆ ಮಾಡುವುದನ್ನು ನಾನು ಮೊದಲ ಆಯ್ಕೆಯಾಗಿ ಸೂಚಿಸುತ್ತೇನೆ. ಹತ್ತು ನಿಮಿಷಕ್ಕೊಮ್ಮೆ ರೌಟರ್ ಅದೇ ಬಿಗಿ ಮಾಡಿದ ಖಾತೆಗೆ, ಅದೇ ಕೀಲಿಯಿಂದ ಎಸ್‌ಎಫ್‌ಟಿಪಿ ಮೂಲಕ ಹೊಸ ಫೈಲುಗಳನ್ನು ಕಳಿಸಿ, ತಲುಪಿದ ಮೇಲೆ ಇಲ್ಲಿ ಅಳಿಸಲಿ. ಲೈನ್ ಇಲ್ಲದಾಗ ಚೀಟಿಗಳು ಪೆನ್‌ಡ್ರೈವಿನಲ್ಲಿ ಕಾದಿರುತ್ತವೆ, ಬಂದಾಗ ಹೋಗುತ್ತವೆ, ಅರ್ಧಂಬರ್ಧ ಪಿಡಿಎಫ್ ಉಂಟಾಗುವ ಸಾಧ್ಯತೆಯೂ ಕಡಿಮೆ. ಸರ್ವರ್ ಕಡೆ ಮಾಡಿದ ಕೆಲಸದಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ.

ಯಾವ ದಾರಿ ಹಿಡಿದರೂ ಎರಡು ವಿಷಯ ನೆನಪಿರಲಿ. ಓಪನ್‌ಡಬ್ಲ್ಯುಆರ್‌ಟಿ ನವೀಕರಿಸುವಾಗ ನೀವು ಹಾಕಿದ ಪ್ಯಾಕೇಜುಗಳು ಸಾಮಾನ್ಯವಾಗಿ ಅಳಿಸಿಹೋಗುತ್ತವೆ, ಮತ್ತು ರೂಟ್ ಬಳಕೆದಾರನ ಮನೆ ಫೋಲ್ಡರ್ ಉಳಿಯುವ ಪಟ್ಟಿಯಲ್ಲಿ ತಾನಾಗಿ ಇರುವುದಿಲ್ಲ. ಎಸ್‌ಎಸ್‌ಎಚ್ ಕೀಲಿ ಮತ್ತು ಬೆರಳಚ್ಚಿನ ಫೈಲನ್ನು ಆ ಪಟ್ಟಿಗೆ ನೀವೇ ಸೇರಿಸಬೇಕು. ಸೇರಿಸಿದ ಮೇಲೆ ರೌಟರಿನ ಬ್ಯಾಕಪ್ ಫೈಲಿನೊಳಗೂ ಆ ಕೀಲಿ ಬಂದು ಕೂರುತ್ತದೆ, ವೈರ್‌ಗಾರ್ಡಿನ ಕೀಲಿಯಂತೂ ಮೊದಲಿನಿಂದಲೇ ಅಲ್ಲಿರುತ್ತದೆ. ರಿಪೇರಿಯವರು ಕೇಳಿದರೆಂದು ಆ ಫೈಲನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ. ಕಳಿಸಿಬಿಟ್ಟಿದ್ದರೆ ಎರಡೂ ಕೀಲಿಗಳನ್ನು ಹೊಸದಾಗಿ ಮಾಡಿ, ಹಳೆಯವನ್ನು ಚಿತ್ರದುರ್ಗದ ಕಂಪ್ಯೂಟರಿನಿಂದಲೂ ಬಾಡಿಗೆ ಸರ್ವರಿನಿಂದಲೂ ಅಂದೇ ಅಳಿಸಿಹಾಕಿ.